‘ನೋ ಮೋರ್’ ಅಲ್ಲ, ‘ನೋ ಲಾಂಗರ್’

ನನ್ನ ಅಪ್ಪ ಕಿತ್ತೂರಿನ ಶಾಲೆಯಲ್ಲಿ ಮಾಸ್ತರರಾಗಿದ್ದರು. ನಾನು ಆರು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅಪ್ಪ ಬೆಳಿಗ್ಗೆ ಇಬ್ಬರಿಗೂ ರೊಟ್ಟಿ ಕಟ್ಟಿಕೊಂಡು ನನ್ನನ್ನೂ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ಹುಡುಗರ ಸಾಲಿನ ಹಿಂದೆ ಗೋಡೆಗೆ ಒರಗಿ ಕೂತು ನಾನು ಕನ್ನಡ ಕಲಿತೆ, ಮರಾಠಿ ಕಲಿತೆ. ಒಂಬತ್ತು ತುಂಬಿದ ಮೇಲೆ ಊರಿನ ಹಿರಿಯರೊಬ್ಬರು ಅಪ್ಪನನ್ನು ಬದಿಗೆ ಕರೆದು ಏನೋ ಹೇಳಿದರು. ಮರುದಿನದಿಂದ ನಾನು ಮನೆಯಲ್ಲೇ ಉಳಿದೆ. ಅಪ್ಪ ಸಿಟ್ಟಾಗಲಿಲ್ಲ, ವಾದ ಮಾಡಲಿಲ್ಲ. ಅಂದು ಸಂಜೆ ಕೈಕಾಲು ತೊಳೆದವರೇ ಕೋಟೆಯ ಮುರಿದ ಗೋಡೆಯ ಮೇಲೆ ನನ್ನನ್ನು ಕೂಡಿಸಿಕೊಂಡು, “ಇಲ್ಲಿ ಯಾರಿಗೂ ಕೇಳೂದಿಲ್ಲ. ಇಂಗ್ಲಿಷ್ ಕಲಿಯೂಣು” ಅಂದರು.

ಅವರು ಕಲಿಸುವ ರೀತಿ ಬೇರೆಯಾಗಿತ್ತು. ನೋಡಲು ಒಂದೇ ಥರ ಇದ್ದು ಅರ್ಥದಲ್ಲಿ ಬೇರೆಯಾಗುವ ಮಾತುಗಳನ್ನು ಜೋಡಿ ಜೋಡಿಯಾಗಿ ಮುಂದಿಡುತ್ತಿದ್ದರು. ‘ಫ್ಯೂ’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ‘ಎ ಫ್ಯೂ’ ಅಂದರೆ ಒಂದಿಷ್ಟು ಇವೆ. “ಈ ಒಂದು ‘ಎ’ ಐತಲ್ಲ ಮಗಳ, ಬಡವರ ಮನಿ ದೀಪ ಇದ್ದಂಗ. ಭಾಳ ಸಣ್ಣದು. ಇಲ್ಲಂದ್ರ ಮಾತ್ರ ಕತ್ತಲಿ” ಎನ್ನುತ್ತಿದ್ದರು. ‘ಹ್ಯಾಸ್ ಗಾನ್’ ಅಂದರೆ ಹೋದವರು ಇನ್ನೂ ಅಲ್ಲೇ ಇದ್ದಾರೆ, ‘ಹ್ಯಾಸ್ ಬೀನ್’ ಅಂದರೆ ಹೋಗಿ ಬಂದಿದ್ದಾರೆ. ಅದನ್ನು ಕಲಿಸಿದ ದಿನ ನಾನು, “ಅವ್ವನ ಸುದ್ದಿ ಬರಿಯೂದಾದ್ರ ಗಾನ್ ಅಂತ ಬರೀಬೇಕಲ್ಲ ಅಪ್ಪ?” ಎಂದು ಕೇಳಿದೆ. ಅಪ್ಪ ಕೆರೆಯ ಕಡೆ ಮುಖ ತಿರುಗಿಸಿದರು. ಆಮೇಲೆ, “ಹೂಂ, ಗಾನ್” ಅಂದರು. ಅಂದು ಪಾಠ ಅಲ್ಲಿಗೇ ಮುಗಿಯಿತು.

ಹದಿನೈದಕ್ಕೆ ನನ್ನನ್ನು ಬೈಲಹೊಂಗಲಕ್ಕೆ ಕೊಟ್ಟರು. ಹತ್ತಿ ವ್ಯಾಪಾರದ ದೊಡ್ಡ ಮನೆ. ಮಾವನವರು ಇರಲಿಲ್ಲ. ಅಂಗಡಿ ನೋಡಿಕೊಳ್ಳುತ್ತಿದ್ದವರು ಭಾವ, ಮನೆ ನೋಡಿಕೊಳ್ಳುತ್ತಿದ್ದವರು ಅತ್ತೆ. ನನ್ನ ಗಂಡ ಚಿಕ್ಕವರು, ಭಾವನ ತಮ್ಮ. ಕಳಿಸುವ ಮುಂಚೆ ಅಪ್ಪ ನನಗೆ ಒಂದೇ ಮಾತು ಹೇಳಿದ್ದರು: “ಇಂಗ್ಲಿಷ್ ಬರತೈತಿ ಅಂತ ನೀನಾಗಿ ಹೇಳಬ್ಯಾಡ. ಬೇಕಾದ ದಿನ ತಾನ ಗೊತ್ತಾಗತೈತಿ.” ನಾನು ಹೇಳಲಿಲ್ಲ. ರೊಟ್ಟಿ ಬಡಿದೆ, ಕುಂಕುಮ ಹಚ್ಚಿಕೊಂಡೆ, ಹಿರಿಯರಿಗೆ ತಲೆ ತಗ್ಗಿಸಿದೆ.

ನನ್ನ ಗಂಡನಿಗೆ ಅಂಗಡಿಯಲ್ಲಿ ಕೂಡ್ರುವುದೆಂದರೆ ಬೇಸರ. ಮಳೆಗಾಲದಲ್ಲಿ ಮಲಪ್ರಭೆಗೆ ಹೊಸ ನೀರು ಬಂತು ಅಂತ ಕೇಳಿದರೆ ಸಾಕು, ಬಂಡಿ ಕಟ್ಟಿಸಿಕೊಂಡು ಸಂಗೊಳ್ಳಿಯತನಕ ಹೋಗಿ ನೋಡಿ ಬರುತ್ತಿದ್ದರು. ಕೆಂಪು ನೀರಿನ ವರ್ಣನೆಯನ್ನು ಎರಡು ದಿನ ಮಾಡುತ್ತಿದ್ದರು. “ಇಷ್ಟೆಲ್ಲಾ ನೀರು ಹೋಗಿ ಕೂಡೂ ಸಮುದ್ರ ಹೆಂಗಿರತೈತಿ ಹೇಳು” ಎಂದು ನನ್ನನ್ನು ಕೇಳುತ್ತಿದ್ದರು. ಕಿತ್ತೂರಿನ ಕೆರೆಗಿಂತ ದೊಡ್ಡ ನೀರನ್ನು ನಾನು ನೋಡಿರಲಿಲ್ಲ.

ದೊಡ್ಡ ಯುದ್ಧ ಶುರುವಾಗಿ ಒಂದೆರಡು ವರ್ಷವಾಗಿತ್ತು. ಸಮುದ್ರದಾಚೆ ಬಸ್ರಾದ ಕಡೆ ದಂಡಿನ ಉಗ್ರಾಣಕ್ಕೆ ಕಾರಕೂನರು ಬೇಕಾಗಿದ್ದಾರೆ, ಸ್ವಲ್ಪ ಇಂಗ್ಲಿಷ್ ಬಂದರೆ ಸಾಕು ಎಂಬ ಸುದ್ದಿ ಬೆಳಗಾವಿಯಿಂದ ಬಂತು. ಒಂದು ಮಧ್ಯಾಹ್ನ ನಾನು ಅಟ್ಟದ ಮೇಲೆ ಮೆಣಸಿನಕಾಯಿ ತರಲು ಹೋದಾಗ ಅವರು ಹತ್ತಿ ತುಂಬಿ ಹೊಲಿದ ಅಂಡಿಗೆಯ ಮೇಲೆ ಕಾಗದ ಇಟ್ಟುಕೊಂಡು ಅರ್ಜಿ ಬರೆಯುತ್ತಿದ್ದರು. ನಾನು ಹಿಂದಿನಿಂದ ಇಣುಕಿದೆ. ‘ಐ ಯೂಸ್ಡ್ ಟು ಹಾರ್ಡ್ ವರ್ಕ್’ ಎಂದು ಬರೆದಿದ್ದರು. ನಗು ತಡೆಯಲು ಆಗಲಿಲ್ಲ.

“ಯಾಕ ನಗತಿ?” ಎಂದರು.

“ಹಿಂಗ ಬರದ್ರ ಸಾಹೇಬ ನಿಮ್ಮನ್ನ ತಗೊಳ್ಳೂದಿಲ್ಲ” ಎಂದೆ. “ಯೂಸ್ಡ್ ಟು ಅಂತಷ್ಟ ಇದ್ರ ಹಿಂದಕ ಮಾಡತಿದ್ರಿ, ಈಗ ಬಿಟ್ಟೀರಿ ಅಂತ ಅನಿಸತೈತಿ. ನಡುವ ‘ಆಮ್’ ಹಾಕ್ರಿ. ಆಗ ಕಷ್ಟದ ಕೆಲಸ ನನಗ ರೂಢಿ ಐತಿ ಅಂತ ಆಗತೈತಿ.”

ಅವರು ಲೇಖನಿ ಕೆಳಗಿಟ್ಟು ನನ್ನ ಮುಖ ನೋಡಿದರು. ಹೊಸದಾಗಿ ಮದುವೆಯಾದ ದಿನ ನೋಡಿದಂತೆ ನೋಡಿದರು. “ನಿನಗ ಇಂಗ್ಲಿಷ್ ಬರತೈತಿ?”

“ಒಂದೀಟು.”

“ಒಂದೀಟು ಅಂದ್ರ?”

“ಲಿಟಲ್ ಅಲ್ಲ, ಎ ಲಿಟಲ್” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅದನ್ನು ವಿವರಿಸುತ್ತ ವಿವರಿಸುತ್ತ ಮೆಣಸಿನಕಾಯಿ ಮರೆತೇಹೋಯಿತು. ಕೆಳಗಿನಿಂದ ಅತ್ತೆ ಎರಡು ಸಲ ಕರೆದರು.

ಆ ಅರ್ಜಿಯನ್ನು ನಾವಿಬ್ಬರೂ ಕೂಡಿ ನಾಲ್ಕು ದಿನ ತಿದ್ದಿದೆವು. ನಮ್ಮ ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವು ನಿಜವಾಗಿ ಮಾತಾಡಿದ್ದು ಆ ನಾಲ್ಕು ದಿನಗಳಲ್ಲಿಯೇ. ಅರ್ಜಿ ಚೆನ್ನಾಗಿತ್ತು. ಆರು ವಾರದೊಳಗೆ ಬರಲು ಹೇಳಿ ಹುಕುಂ ಬಂತು. ಆ ಹುಕುಮನ್ನು ಕೈಯಲ್ಲಿ ಹಿಡಿದು ಅವರು, “ಹೋಗ್ಲ್ಯಾ?” ಎಂದು ನನ್ನನ್ನು ಕೇಳಿದರು. ಬೇಡ ಎನ್ನಬಹುದಿತ್ತು. ಅವರ ಕಣ್ಣಲ್ಲಿ ಸಮುದ್ರ ಕಾಣುತ್ತಿತ್ತು. “ಹೋಗಿ ಬರ್ರಿ” ಅಂದೆ. ಇಷ್ಟು ವರ್ಷವಾದರೂ ಆ ಅರ್ಜಿಯನ್ನು ನಾನು ತಿದ್ದದೇ ಇದ್ದಿದ್ದರೆ ಅನ್ನುವ ವಿಚಾರ ಒಮ್ಮೊಮ್ಮೆ ಬರುತ್ತದೆ.

ಅವರು ತಿಂಗಳಿಗೊಂದು ಪತ್ರ ಬರೆದರು. ಎಲ್ಲರಿಗೂ ಓದಿ ಹೇಳಲು ಕನ್ನಡದಲ್ಲಿ ಬರೆಯುತ್ತಿದ್ದರು. ಅಲ್ಲಿಯ ಬಿಸಿಲು, ಖರ್ಜೂರದ ತೋಟ, ನಮ್ಮ ಹೊಳೆಯಂತೆಯೇ ಕೆಂಪಾಗಿ ಹರಿಯುವ ಒಂದು ನದಿ. ಸಮುದ್ರದ ವಿಷಯ ಮಾತ್ರ ಬರೆಯಲಿಲ್ಲ. ಬಂದ ಮೇಲೆ ಬಾಯಿಂದಲೇ ಹೇಳುತ್ತೇನೆ ಎಂದಿದ್ದರು. ಪತ್ರದ ಕೊನೆಗೆ ಒಂದು ಸಾಲು ಇಂಗ್ಲಿಷ್ ಇರುತ್ತಿತ್ತು. ಭಾವ ಅದನ್ನು ಸರಕಾರಿ ಗುರುತು ಏನೋ ಅಂದುಕೊಂಡು ಬಿಟ್ಟುಬಿಡುತ್ತಿದ್ದರು. ಅದು ನನಗಾಗಿ ಬರೆದದ್ದು, ನಾನು ತಿದ್ದಲಿ ಎಂದು ಬರೆದದ್ದು. ಉತ್ತರ ಬರೆಯಲು ಭಾವ ನನ್ನನ್ನು ಕೂಡಿಸುತ್ತಿದ್ದರು, ಏಕೆಂದರೆ ನನ್ನ ಕನ್ನಡ ಅಕ್ಷರ ದುಂಡಗಿತ್ತು. ಕೊನೆಗೆ ನಾನೂ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸುತ್ತಿದ್ದೆ.

ಏಳನೆಯ ಪತ್ರದಲ್ಲಿ ಅವರು ‘ಐ ಹ್ಯಾವ್ ಲಾಸ್ಟ್ ಯು’ ಎಂದು ಬರೆದಿದ್ದರು. ನೀನಿಲ್ಲದೆ ಏನೋ ಕಳೆದುಕೊಂಡಂತೆ ಆಗಿದೆ ಎಂದು ಹೇಳಹೋಗಿ ಹಾಗೆ ಬರೆದಿದ್ದರು. ಅದನ್ನು ಓದಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಆ ಮಾತನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ‘ಲಾಸ್ಟ್’ ಅಂದರೆ ಮತ್ತೆ ಸಿಗದ ಹಾಗೆ ಕಳೆದದ್ದು, ದೂರ ಇರುವವರನ್ನು ನೆನೆಸಿ ಸಂಕಟ ಪಡುವುದಕ್ಕೆ ‘ಮಿಸ್’ ಅನ್ನಬೇಕು ಎಂದು ಬರೆದು ಕಳಿಸಿದೆ. ಕನ್ನಡದಲ್ಲಿ ಅದಕ್ಕೆ ಒಂದೇ ಶಬ್ದ ಹುಡುಕಿದೆ, ಸಿಗಲಿಲ್ಲ. ಎಂಟನೆಯ ಪತ್ರ ಬರಲಿಲ್ಲ. ಒಂಬತ್ತನೆಯದೂ ಬರಲಿಲ್ಲ.

ನಾಲ್ಕು ತಿಂಗಳು ಸುದ್ದಿ ಇರಲಿಲ್ಲ. ಟಪಾಲಿನವನು ಓಣಿಗೆ ಬರುವ ಹೊತ್ತಿಗೆ ಅತ್ತೆ ಏನಾದರೊಂದು ಕೆಲಸ ತೆಗೆದುಕೊಂಡು ಕಟ್ಟೆಗೆ ಬರುತ್ತಿದ್ದರು. ಅವನು ದಾಟಿಹೋದ ಮೇಲೆ ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋಗುತ್ತಿದ್ದರು. ಕೊನೆಗೆ ಭಾವ ಊರಿನ ವಕೀಲರೊಬ್ಬರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿ ಬಸ್ರಾದ ಆ ಉಗ್ರಾಣಕ್ಕೆ ಕಳಿಸಿದರು. ಅದಕ್ಕೆ ಉತ್ತರ ಬಂದಾಗ ಹತ್ತಿ ಬಿಡಿಸುವ ಕಾಲ.

ವಕೀಲರು ಮನೆಗೇ ಬಂದರು. ಪಡಸಾಲೆಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಮೊದಲು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದರು. ಅತ್ತೆ ಮತ್ತು ನಾನು ಬಾಗಿಲ ಹಿಂದೆ ನಿಂತಿದ್ದೆವು. ಓದಿ ಮುಗಿಸಿ ಪತ್ರ ಮಡಿಚಿದರು. ಆಮೇಲೆ ಭಾವನ ಭುಜದ ಮೇಲೆ ಕೈಯಿಟ್ಟು, “ಧೈರ್ಯಾ ತಗೋರಿ. ನಿಮ್ಮ ತಮ್ಮ ಇನ್ನಿಲ್ಲ ಅಂತ ಬರದಾರ” ಅಂದರು.

ಅತ್ತೆ ಅಲ್ಲೇ ಕುಸಿದರು. ಅಳು ಕೇಳಿ ಓಣಿಯ ಹೆಂಗಸರು ಬಂದು ತುಂಬಿದರು. ನಾನು ಅಳಲಿಲ್ಲ. ವಕೀಲರು ಓದಿದ ಸಾಲು ನನ್ನ ಕಿವಿಯಲ್ಲಿ ನಿಂತಿತ್ತು. ಅವರು ಓದಿದ್ದು ‘ನೋ ಲಾಂಗರ್’. ‘ನೋ ಮೋರ್’ ಎಂದು ನನಗೆ ಕೇಳಿಸಿರಲಿಲ್ಲ. ಅಷ್ಟರಲ್ಲಿ ಮುದುಕಿಯೊಬ್ಬಳು ನನ್ನ ಪಕ್ಕ ಕೂತು ಕೈ ಹಿಡಿದು ಬಳೆಗಳನ್ನು ಮುಂಗೈಗೆ ಸರಿಸತೊಡಗಿದಳು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಅದು ಅವಳು ಹಲವರಿಗೆ ಮಾಡಿದ ಕೆಲಸ. ನಾನು ಕೈ ಬಿಡಿಸಿಕೊಂಡು ಎದ್ದು ಗಂಡಸರು ಕೂತಿದ್ದ ಪಡಸಾಲೆಗೆ ಹೋದೆ.

“ಆ ಪತ್ರ ಒಂದೀಟು ಕೊಡ್ರಿ” ಅಂದೆ.

ವಕೀಲರು ಭಾವನ ಮುಖ ನೋಡಿದರು. ಭಾವ, “ಇಂಗ್ಲಿಷಿನಾಗ ಐತವ್ವ” ಅಂದರು.

“ಗೊತ್ತೈತ್ರಿ.”

ಪತ್ರ ಎರಡೇ ಸಾಲು. ನಿಮ್ಮ ತಮ್ಮ ‘ನೋ ಲಾಂಗರ್ ವಿತ್ ದಿಸ್ ಡಿಪೋ’ ಎಂದು ತಿಳಿಸಲು ವಿಷಾದಿಸುತ್ತೇನೆ ಎಂಬುದು ಒಂದು. ‘ಹಿಸ್ ಬಾಕ್ಸ್ ವಿಲ್ ಬಿ ಸೆಂಟ್ ಆನ್’ ಎಂಬುದು ಇನ್ನೊಂದು. ನಾನು ಗಟ್ಟಿಯಾಗಿ ಓದಿದೆ. ಒಳಗಿನ ಅಳು ನಿಂತುಹೋಯಿತು.

“ಇದರಾಗ ನೋ ಮೋರ್ ಅಂತ ಇಲ್ರಿ” ಎಂದೆ. “ಹಂಗಿದ್ರ ತೀರಿಕೊಂಡಾರ ಅಂತ ಅರ್ಥ. ಇದು ನೋ ಲಾಂಗರ್. ಮೊದಲ ಈ ಉಗ್ರಾಣದಾಗ ಇದ್ರು, ಈಗ ಈ ಉಗ್ರಾಣದಾಗ ಇಲ್ಲ ಅಂತಷ್ಟ.”

ವಕೀಲರು ಒಳ್ಳೆಯವರು. ನನ್ನ ಮೇಲೆ ಸಿಟ್ಟಾಗಲಿಲ್ಲ. “ತಂಗಿ, ಎರಡೂ ಒಂದ” ಅಂದರು. “ಸಾಹೇಬರು ಸತ್ತಾನ ಅಂತ ನೇರ ಬರಿಯೂದಿಲ್ಲ, ಮೆತ್ತಗ ಬರೀತಾರ. ಸತ್ತಿಲ್ಲಂದ್ರ ರಿಗ್ರೆಟ್ ಅಂತ ಯಾಕ ಬರದಾನ? ಪೆಟ್ಟಿಗಿ ಯಾಕ ಕಳಸ್ತಾನ?”

ನಾನು ಪತ್ರವನ್ನು ಮತ್ತೊಮ್ಮೆ ಓದಿದೆ. ಭಾವ ಮುಖ ಮುಚ್ಚಿಕೊಂಡು, “ಅಕಿಗೆ ದುಃಖದಾಗ ತಿಳಿಯವಲ್ದು. ಮಠದ ಅಯ್ಯನವರಿಗೆ ಹೇಳಿ ಕಳಸ್ರಿ” ಎಂದರು. ಆಗ ಅತ್ತೆ ಬಾಗಿಲು ಹಿಡಿದುಕೊಂಡು ಎದ್ದು ಬಂದರು. ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು.

“ನಿನಗ ಇದನ್ನ ಯಾರು ಕಲಿಸಿದ್ರು?” ಎಂದು ನನ್ನನ್ನು ಕೇಳಿದರು.

“ನಮ್ಮಪ್ಪ.”

“ಅವರಿಗೆ ವಕೀಲರಿಗಿಂತ ಹೆಚ್ಚು ಗೊತ್ತೈತೇನ?”

“ಗೊತ್ತಿಲ್ರಿ. ಆದ್ರ ಈ ಎರಡು ಮಾತು ಬ್ಯಾರೆ ಅಂತ ಕಲಿಸ್ಯಾರ.”

ಅತ್ತೆ ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದರು, ಬಳೆಗಳನ್ನು ನೋಡಿದರು. “ಎಲ್ಲಾರೂ ಮನಿಗೆ ಹೋಗ್ರಿ” ಅಂದರು. “ನಾಳೆ ನಾವು ಕಿತ್ತೂರಿಗೆ ಹೋಗತೇವಿ. ಅಲ್ಲೀತನಾ ನನ್ನ ಮನ್ಯಾಗ ಯಾರೂ ಅಳಬಾರದು.”

ಬೆಳಗಾಗುವ ಮೊದಲೇ ಬಂಡಿ ಕಟ್ಟಿಸಿದರು. ಭಾವ ಬರಲಿಲ್ಲ. ದಾರಿಯುದ್ದಕ್ಕೂ ಎರಡೂ ಕಡೆ ಹತ್ತಿ ಬಿರಿದು ನಿಂತಿತ್ತು. ಒಂದು ಹಳ್ಳದ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ ಅತ್ತೆ ಬೇರೆ ಕಡೆ ನೋಡುತ್ತ, “ಮನಿಗೆ ಬಂದು ಮೂರು ವರ್ಷ ಆತು. ಇದೊಂದು ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿದರು. “ನೀವು ಕೇಳಲಿಲ್ರಿ” ಅಂದೆ. ಅವರಿಗೆ ನೋವಾಯಿತೆಂದು ಕಾಣುತ್ತದೆ. ಆಮೇಲೆ ತಮ್ಮ ಬುತ್ತಿಯ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು.

ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಬಳೆಯ ಸಪ್ಪಳದಿಂದ ಗುರುತಿಸಿದರು. ಎಲ್ಲ ಹೇಳಿದ ಮೇಲೆ, “ಓದು” ಅಂದರು. ಮೂರು ಸಲ ಓದಿಸಿದರು. ಎರಡನೆಯ ಸಾಲನ್ನು ಮಾತ್ರ ಮತ್ತೊಮ್ಮೆ ಓದಿಸಿದರು.

“ಸೆಂಟ್ ಬ್ಯಾಕ್ ಐತೋ, ಸೆಂಟ್ ಆನ್ ಐತೋ? ನೆಟ್ಟಗ ನೋಡು.”

“ಸೆಂಟ್ ಆನ್.”

ಅಪ್ಪ ಅತ್ತೆಯ ಕಡೆ ತಿರುಗಿದರು. “ಬೀಗತ್ಯಾರ, ಸೆಂಟ್ ಬ್ಯಾಕ್ ಅಂದ್ರ ಪೆಟ್ಟಿಗಿ ತಿರುಗಿ ಮನಿಗೆ ಕಳಸೂದು. ಸೆಂಟ್ ಆನ್ ಅಂದ್ರ ಮುಂದಕ ಕಳಸೂದು, ಅದರ ಒಡೆಯ ಎಲ್ಲಿ ಹೋಗ್ಯಾನೋ ಅವನ ಬೆನ್ನ ಹಿಂದ. ಸತ್ತವನ ಪೆಟ್ಟಿಗಿ ಮುಂದಕ ಎಲ್ಲಿಗೆ ಕಳಸ್ತಾರ?”

ಅತ್ತೆಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

“ರಿಗ್ರೆಟ್ ಅಂತ ಯಾಕ ಬರದಾರ ಅಪ್ಪ?” ಎಂದು ನಾನು ಕೇಳಿದೆ.

“ನೀವು ಕೇಳಿದ ಮನಶ್ಯಾ ಇಲ್ಲಿಲ್ಲ ಅಂತ ಹೇಳಾಕೂ ಅವರು ಹಂಗ ಅಂತಾರ. ಅದು ಅವರ ರೀತಿ ಮಾತು.” ಅಪ್ಪ ಮತ್ತೆ ಹೇಳಿದರು, “ಆದ್ರೂ ನಾ ಖಾತ್ರಿ ಕೊಡಾಂಗಿಲ್ಲ. ಬರದಾವ ತಪ್ಪು ಬರದಿರಬಹುದು. ವಕೀಲರು ಅಂದಂಗೂ ಇರಬಹುದು. ನಾ ಹೇಳೂದು ಇಷ್ಟ, ಬಳಿ ಒಡಿಯಾಕ ಅವಸರ ಇಲ್ಲ.”

“ಅಷ್ಟು ಸಾಕ್ರಿ” ಎಂದರು ಅತ್ತೆ.

ಆ ದಿನ ಮಧ್ಯಾಹ್ನ ನನ್ನ ಜೀವನದ ಮೊದಲ ಇಂಗ್ಲಿಷ್ ಪತ್ರ ಬರೆದೆ. ಅವರು ಬದುಕಿದ್ದಾರೆಯೇ ಎಂದು ಕೇಳುವುದು ಹೇಗೆಂದು ತಿಳಿಯದೆ ಕೂತಿದ್ದಾಗ ಅಪ್ಪ ಹೇಳಿದರು: “ಅದನ್ನ ಕೇಳಬ್ಯಾಡ. ಕೇಳಿದ್ರ ಹೂಂ ಇಲ್ಲಾ ಊಹೂಂ ಅಂತ ಒಂದ ಮಾತು ಬರದು ಬಿಡತಾರ. ಎಲ್ಲಿಗೆ ಹೋಗ್ಯಾನ ಅಂತ ಕೇಳು. ಆಗ ಅವರು ಊರ ಹೆಸರು ಹುಡಿಕಿ ಬರೀಬೇಕಾಗತೈತಿ.” ಹಾಗೆಯೇ ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ಅಲ್ಲಿಯವರೆಗೆ ಯಾವ ಕಾಗದದ ಮೇಲೂ ನನ್ನ ಹೆಸರನ್ನು ನಾನೇ ಬರೆದಿರಲಿಲ್ಲ.

ಉತ್ತರಕ್ಕಾಗಿ ಮೂರು ತಿಂಗಳು ಕಾಯ್ದೆವು. ಊರು ಎರಡು ಪಾಲಾಯಿತು ಎಂದರೆ ಸುಳ್ಳಾಗುತ್ತದೆ. ಊರೆಲ್ಲ ಒಂದೇ ಕಡೆ ಇತ್ತು. ನಾನು ನೀರಿಗೆ ಹೋದಾಗ ಹೆಂಗಸರು ನನ್ನ ಹಣೆ ನೋಡಿ ಮುಖ ತಿರುಗಿಸುತ್ತಿದ್ದರು. ಚಚಡಿಯಿಂದ ಬಂದ ದೂರದ ಸಂಬಂಧಿಯೊಬ್ಬರು ಅತ್ತೆಯ ಎದುರೇ, “ಸತ್ತಾವನ ಹೆಸರಿಲೆ ಕುಂಕುಮ ಹಚಗೊಂಡ್ರ ಮನಿಗೆ ಛಲೋದಲ್ಲ” ಅಂದರು. ಅತ್ತೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದು, ಆ ಹೆಂಗಸಿನ ಎದುರಿಗೇ ನನ್ನ ಹಣೆಗೆ ಇನ್ನೊಮ್ಮೆ ಹಚ್ಚಿದರು. ಭಾವ ಸವದತ್ತಿಯ ಪೇಟೆಗೆ ಹೋಗುವುದನ್ನೇ ಕಡಿಮೆ ಮಾಡಿದರು; ಅಲ್ಲಿ ಎಲ್ಲರೂ ತಮ್ಮನ ಸುದ್ದಿ ಕೇಳುತ್ತಿದ್ದರು, ಅವರಿಗೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ.

ಆ ತಿಂಗಳುಗಳಲ್ಲಿ ನಾನು ನನ್ನ ಗಂಡನನ್ನು ಬಯಸಿದಷ್ಟು ಮುಂದೆಂದೂ ಯಾರನ್ನೂ ಬಯಸಲಿಲ್ಲ. ಅವರ ಅಂಗಿಗಳನ್ನು ಒಗೆದು ಒಣಗಿಸಿ ಮಡಿಚಿಡುತ್ತಿದ್ದೆ, ಮತ್ತೆ ವಾರ ಬಿಟ್ಟು ಅವೇ ಅಂಗಿಗಳನ್ನು ಒಗೆಯುತ್ತಿದ್ದೆ. ಅಟ್ಟ ಹತ್ತಿ ಆ ಅಂಡಿಗೆಯ ಮೇಲೆ ಕೂಡುತ್ತಿದ್ದೆ. ಧ್ವನಿ ಮರೆತುಹೋದೀತೆಂದು ಹೆದರಿ, ಅವರು ಕೆಮ್ಮುವುದನ್ನು, ಬಾಗಿಲಲ್ಲಿ ಕೆರ ಬಿಡುವುದನ್ನು, ನನ್ನನ್ನು ಹೆಸರು ಹಿಡಿಯದೆ ‘ಇಲ್ಲಿ ಕೇಳಿಲ್ಲಿ’ ಎಂದು ಕರೆಯುವುದನ್ನು ಮನಸ್ಸಿನಲ್ಲಿ ಒಂದೊಂದಾಗಿ ಮಾಡಿ ನೋಡುತ್ತಿದ್ದೆ. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು. ಒಂದು ಶಬ್ದದ ಮೇಲೆ ಇಡೀ ಮನೆಯನ್ನು ನಿಲ್ಲಿಸಿದ್ದೇನೆ. ಆ ಶಬ್ದವನ್ನು ಬರೆದವನು ಅವಸರದಲ್ಲಿದ್ದ ಒಬ್ಬ ಗುಮಾಸ್ತ ಆಗಿದ್ದರೆ? ಈ ಮಾತನ್ನು ಅತ್ತೆಗೆ ಒಂದು ದಿನ ಹೇಳಿಬಿಟ್ಟೆ. ಅವರು ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತದೆ, “ನನಗೂ ಹಂಗ ಅನಸತೈತಿ. ಇಬ್ಬರೂ ಒಮ್ಮೆಲೆ ಹಂಗ ಅನಕೋಬಾರದು. ಒಬ್ಬರು ಅನಕೊಂಡಾಗ ಇನ್ನೊಬ್ಬರು ಗಟ್ಟಿ ಇರೂಣು” ಅಂದರು.

ಉತ್ತರ ಬಂದಾಗ ಲಕೋಟೆಯ ಮೇಲೆ ನನ್ನ ಹೆಸರಿತ್ತು. ಟಪಾಲಿನವನು ಅದನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಇಟ್ಟ. ಭಾವ ಅದನ್ನು ಮುಟ್ಟಲಿಲ್ಲ. “ನೀನ ಒಡಿಯವ್ವ” ಎಂದರು. ನನ್ನ ಗಂಡನಿಗೆ ಬಸ್ರಾದಲ್ಲಿ ಜ್ವರ ಹಿಡಿದು ಕೈಕಾಲು ಸ್ವಾಧೀನ ತಪ್ಪಿದೆ, ಅವರನ್ನು ಆಸ್ಪತ್ರೆಯ ಹಡಗಿನಲ್ಲಿ ಹಿಂದುಸ್ಥಾನಕ್ಕೆ ಕಳಿಸಲಾಗಿದೆ, ಈಗ ಪುಣೆಯಲ್ಲಿದ್ದಾರೆ ಎಂದು ಬರೆದಿತ್ತು. ಆಸ್ಪತ್ರೆಯ ವಿಳಾಸ ಕೊಟ್ಟಿದ್ದರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಭಾವ ಕಟ್ಟೆಯ ಮೇಲೆ ಕೂತು ಮಗುವಿನಂತೆ ಅತ್ತರು. ಸಂಜೆ ಅವರೇ ವಕೀಲರ ಮನೆಗೆ ಹೋಗಿ ಹೇಳಿ ಬಂದರು. ಮರುದಿನ ವಕೀಲರು ಬಂದು, ಪಡಸಾಲೆಯಲ್ಲಿ ನಿಂತು, ಬಾಗಿಲ ಹಿಂದಿದ್ದ ನನಗೆ ಕೇಳಿಸುವಂತೆ, “ತಂಗಿ, ನಾ ತಪ್ಪು ಓದಿದ್ದೆ. ಅದು ನನ್ನ ಮನಸಿನಾಗ ಜೀವ ಇರೂತನಾ ಇರತೈತಿ” ಅಂದರು. ಅಂಥ ಮಾತನ್ನು ಒಬ್ಬ ದೊಡ್ಡ ಮನುಷ್ಯ ಹೇಳಿದ್ದು ನಾನು ಆ ಮೇಲೆ ಎಂದೂ ಕೇಳಿಲ್ಲ.

ಭಾವ, ಅತ್ತೆ, ನಾನು ಮೂವರೂ ಹೊರಟೆವು. ಬೆಳಗಾವಿಯತನಕ ಬಂಡಿ, ಅಲ್ಲಿಂದ ಆಗಗಾಡಿ. ಅತ್ತೆ ರೈಲನ್ನು ಮೊದಲ ಸಲ ನೋಡಿದ್ದು ಅಂದೇ. ಕಿಟಕಿಯ ಪಕ್ಕ ಕೂತು, ಹಿಂದಕ್ಕೆ ಓಡುವ ಗಿಡಗಳನ್ನು ನೋಡುತ್ತ, “ಇಷ್ಟು ದೂರ ಅವ ಒಬ್ಬನ ಬಂದಿದ್ದನಲ್ಲ” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಆಸ್ಪತ್ರೆ ಎಂದರೆ ಬಯಲಿನಲ್ಲಿ ಸಾಲಾಗಿ ಎಬ್ಬಿಸಿದ ತಗಡಿನ ಚಾವಡಿಗಳು. ನಮ್ಮನ್ನು ಒಂದು ಪಡಸಾಲೆಗೆ ಕರೆದುಕೊಂಡು ಹೋದರು. ಉದ್ದಕ್ಕೆ ಮಂಚಗಳು. ನಾನು ಅವರನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಅಷ್ಟು ಇಳಿದುಹೋಗಿದ್ದರು. ಅತ್ತೆ ನಿಂತದ್ದನ್ನು ನೋಡಿ ಹಿಂದಿರುಗಿದೆ.

ಅವರು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ, “ನಿನ್ನ ಪತ್ರ ಬಂದಿತ್ತು” ಎಂದರು. “ಲಾಸ್ಟ್ ಅಲ್ಲ, ಮಿಸ್. ತಿದ್ದಿ ಬರಿಯೂಣು ಅಂದ್ರ ಕೈ ಏಳಲಿಲ್ಲ. ಯಾರಿಗರ ಹೇಳಿ ಬರಸೂಣು ಅಂದ್ರ ಮೊನ್ನಿಮೊನ್ನಿತನಾ ನಾಲಿಗೀನೂ ಹೊಳ್ಳತಿರಲಿಲ್ಲ.”

ಪಕ್ಕದ ಮಂಚದವನು ಮರಾಠಿಯವನು. ಅವನು ನಗುತ್ತ ಹೇಳಿದ: ಬಸ್ರಾದಿಂದ ನನ್ನ ಇಂಗ್ಲಿಷ್ ಪತ್ರವನ್ನು ಇಲ್ಲಿಗೂ ಕಳಿಸಿದ್ದರಂತೆ, ಅದನ್ನು ಇವರು ತಲೆದಿಂಬಿನ ಕೆಳಗೆ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿ, ‘ಇದನ್ನು ನನ್ನ ಹೆಂಡತಿ ಬರೆದಿದ್ದಾಳೆ’ ಎಂದರೆ ಯಾರೂ ನಂಬಲಿಲ್ಲವಂತೆ. ಅತ್ತೆ ಅವನಿಗೆ ಕನ್ನಡದಲ್ಲೇ, “ನಂಬ್ರಿ” ಅಂದರು.

ಹತ್ತಿರದ ಧರ್ಮಶಾಲೆಯಲ್ಲಿ ಇಳಿದುಕೊಂಡು ಐದು ವಾರ ಇದ್ದೆವು. ದಿನಾ ಮುಂಜಾನೆ ಅತ್ತೆ ಗಂಜಿ ಮಾಡಿ ಒಯ್ಯುತ್ತಿದ್ದರು. ಅವರು ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದ ದಿನ ಅತ್ತೆ ಆ ಪಡಸಾಲೆಯ ಮಂಚಗಳವರಿಗೆಲ್ಲ ಬೆಲ್ಲ ಹಂಚಿದರು. ಆಮೇಲೆ ಊರಿಗೆ ಕರೆದುಕೊಂಡು ಬಂದೆವು.

ಅವರು ನನ್ನ ಜೊತೆ ಎಂಟು ತಿಂಗಳು ಇದ್ದರು. ಕಟ್ಟೆಯ ಮೇಲೆ ಬಿಸಿಲಿಗೆ ಕೂಡುತ್ತಿದ್ದರು. ಕೊನೆಗೂ ಸಮುದ್ರದ ಸುದ್ದಿ ಹೇಳಿದರು: ಹೋಗುವಾಗ ನೋಡಿದ ಸಮುದ್ರ ಬೇರೆ, ಬರುವಾಗ ಮಲಗಿಕೊಂಡೇ ಬಂದದ್ದರಿಂದ ಬರೀ ಸಪ್ಪಳ ಕೇಳಿದ್ದು, ಆ ಸಪ್ಪಳ ನಮ್ಮ ಹತ್ತಿಯ ಅಂಡಿಗೆಯನ್ನು ನೆಲದ ಮೇಲೆ ಎಳೆದಂತೆ ಇತ್ತು ಎಂದರು. ಭಾವ ಅವರನ್ನು ಅಂಗಡಿಗೆ ಬಾ ಎನ್ನಲಿಲ್ಲ. ಅವರು ನಡೆಯುವಷ್ಟಾದಾಗ ನಾವಿಬ್ಬರೂ ಬಂಡಿಯಲ್ಲಿ ಕಿತ್ತೂರಿಗೆ ಹೋಗಿ ಬಂದೆವು. ಅಪ್ಪ ಅವರ ಮುಖವನ್ನು ಕೈಯಿಂದ ಮುಟ್ಟಿ ನೋಡಿದರು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಊರೂರಿಗೆ ಒಂದು ಜ್ವರ ಬಂತು. ಗಟ್ಟಿ ಆಳುಗಳೇ ಮೂರು ದಿನದಲ್ಲಿ ಹೋದರು. ನನ್ನ ಗಂಡ ಎರಡೇ ದಿನ ಮಲಗಿದರು. ಈ ಸಲ ಸುದ್ದಿ ಯಾವ ಪತ್ರದಲ್ಲೂ ಬರಲಿಲ್ಲ. ನನ್ನ ಕೈ ಅವರ ಎದೆಯ ಮೇಲಿತ್ತು, ನನಗೇ ಮೊದಲು ಗೊತ್ತಾಯಿತು. ಬಳೆಗಳನ್ನು ಅತ್ತೆಯೇ ತೆಗೆದರು, ಒಡೆಯಲಿಲ್ಲ, ಒಂದೊಂದಾಗಿ ಎಣ್ಣೆ ಹಚ್ಚಿ ತೆಗೆದರು.

ಎರಡು ವರ್ಷದ ಮೇಲೆ ರಾಮದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಬರುತ್ತೀರಾ ಎಂದು ಅಲ್ಲಿಯವರು ಕೇಳಿ ಕಳಿಸಿದರು. ಸುದ್ದಿ ತಂದವರು ಆ ವಕೀಲರೇ. ಭಾವ ಅನುಮಾನಿಸಿದರು. ಅತ್ತೆ ತಮ್ಮ ಎರಡು ಸೀರೆಗಳನ್ನು ನನ್ನ ಗಂಟಿನಲ್ಲೇ ಕಟ್ಟಿ, “ನಾನೂ ಹೋಗತೇನಿ, ಅಕಿ ಒಬ್ಬಾಕಿ ಇರೂದಿಲ್ಲ” ಎಂದುಬಿಟ್ಟರು. ರಾಮದುರ್ಗದ ಹೊಳೆಯ ದಂಡೆಯ ಓಣಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಇದ್ದೆವು. ತೊರಗಲ್ಲಿನಿಂದಲೂ ಇಬ್ಬರು ಹುಡುಗಿಯರು ಬಂದು ನಮ್ಮಲ್ಲೇ ಉಳಿದು ಓದಿದರು. ಮಗನ ವಿಷಯ ಅತ್ತೆ ಹೆಚ್ಚು ಮಾತಾಡುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಚಳಿ ಬೀಳುವ ಹೊತ್ತಿಗೆ, ಒಂದು ಮಾತು ಕೇಳುತ್ತಿದ್ದರು:

“ಪುಣೆಕ ಮತ್ತೊಮ್ಮೆ ಹೋಗಿ ಬರೂಣೇನ?”

“ಅಲ್ಲೇನೈತ್ರಿ ಈಗ?”

“ಏನಿಲ್ಲ. ಆ ಪಡಸಾಲಿ ನೋಡಬೇಕನಸತೈತಿ. ಅಂವ ನಾಲ್ಕು ಹೆಜ್ಜಿ ನಡದನಲ್ಲ, ಆ ಜಾಗಾ.”

ಮುಂದಿನ ವರ್ಷ ಹೋಗೋಣ ಎನ್ನುತ್ತಿದ್ದೆ. ಶಾಲೆ ಇತ್ತು, ಪರೀಕ್ಷೆ ಇತ್ತು, ಅವರ ಮೊಣಕಾಲು ನೋವು ಇತ್ತು. ಹೋಗಲಾಗಲಿಲ್ಲ.

ಅತ್ತೆ ತೀರಿಕೊಂಡ ಮರುವರ್ಷ ನಾನೊಬ್ಬಳೇ ಹೋದೆ. ಬಹಳ ಹುಡುಕಬೇಕಾಯಿತು. ತಗಡಿನ ಚಾವಡಿಗಳನ್ನು ಎಂದೋ ಕಿತ್ತು ಒಯ್ದಿದ್ದರು. ಬಯಲಿನಲ್ಲಿ ದನ ಮೇಯುತ್ತಿದ್ದವು, ಕಂಬ ನೆಟ್ಟಿದ್ದ ಗಾರೆಯ ಗುರುತು ಅಲ್ಲಲ್ಲಿ ಉಳಿದಿತ್ತು. ದನ ಕಾಯುತ್ತಿದ್ದ ಮುದುಕಿ ಮರಾಠಿಯಲ್ಲಿ, ಯಾರನ್ನು ಹುಡುಕುತ್ತಿದ್ದೀ ಬಾಯಿ ಎಂದು ಕೇಳಿದಳು. ನನ್ನ ಅತ್ತೆಗೆ ಈ ಜಾಗ ನೋಡಬೇಕಾಗಿತ್ತು ಎಂದೆ. ಅವಳು ಅತ್ತೆ ಎಲ್ಲಿ ಎಂಬಂತೆ ನನ್ನ ಹಿಂದೆ ಮುಂದೆ ನೋಡಿ, ತನ್ನ ಪಕ್ಕದ ಕಲ್ಲಿನ ಮೇಲಿನ ಧೂಳು ಒರೆಸಿದಳು. ರೈಲಿನ ಹೊತ್ತಾಗುವತನಕ ಅಲ್ಲಿ ಕೂತಿದ್ದೆ.